ಕಾಯಿಕೊರಕ ಮತ್ತು ಮೊದಲ ಶೀಲ

ಇಂದಿನ ಧಮ್ಮ ಚಿಂತನೆ

ಪ್ರಾಣಹತ್ಯೆ ಮಾಡುವುದಿಲ್ಲವೆಂದು ಭಾನುವಾರ ಪಂಚಶೀಲ ತೆಗೆದುಕೊಳ್ಳುತ್ತೇವೆ. ಸೋಮವಾರ ತೋಟದಲ್ಲಿ ಕಾಯಿಕೊರಕ ಹೊಕ್ಕ ಕಾಫಿ ಹಣ್ಣನ್ನು ಕುದಿಯುವ ನೀರಿಗೆ ಹಾಕುತ್ತೇವೆ. ಒಳಗಿನ ಹುಳು ಸಾಯುತ್ತದೆ. ಹಾಗಾದರೆ ಶೀಲ ಮುರಿಯಿತೇ? ಮೂಡಿಗೆರೆ, ಕಳಸದ ಕಡೆಯ ನಮ್ಮ ಬಂಧುಗಳಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಈ ಹುಳು ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಎಳ್ಳುಕಾಳಿಗಿಂತ ಚಿಕ್ಕದು. ಹಣ್ಣಿನ ತುದಿಯಲ್ಲಿ ತೂತು ಕೊರೆದು ಬೀಜದೊಳಗೇ ಸಂಸಾರ ಹೂಡುತ್ತದೆ. ಬಿಟ್ಟರೆ ಫಸಲು ಹೋಗುತ್ತದೆ, ಫಸಲಿನ ಜೊತೆ ಕೂಲಿಯೂ ಹೋಗುತ್ತದೆ.

ಇದಕ್ಕೆ ವಿಜ್ಞಾನಿಗಳು ಮೆಕ್ಸಿಕೋದಿಂದ ಒಂದು ಸಣ್ಣ ಕಣಜವನ್ನು ತರಿಸಿದರು. ಅದು ಹಣ್ಣಿನೊಳಗೆ ಹೊಕ್ಕು ಕೊರಕದ ಮರಿಗಳ ಮೇಲೆ ಮೊಟ್ಟೆಯಿಡುತ್ತದೆ. ಬ್ಯುವೇರಿಯಾ ಎಂಬ ಶಿಲೀಂಧ್ರವನ್ನೂ ಸಿಂಪಡಿಸುತ್ತಾರೆ, ಅದು ಹುಳುವಿಗೆ ರೋಗ ತರುತ್ತದೆ. ಕೆಲವರು ಹೇಳುತ್ತಾರೆ: “ಕೊಂದದ್ದು ಕಣಜ, ನಾವಲ್ಲ. ನಮ್ಮ ಕೈ ಶುದ್ಧ.”

ನಾನು ಇದನ್ನು ಒಪ್ಪುವುದಿಲ್ಲ. ಭಗವಾನರು ಚೇತನವನ್ನೇ ಕರ್ಮವೆಂದರು. ಕಣಜವನ್ನು ಬಿಟ್ಟ ಉದ್ದೇಶ ನಮ್ಮದೇ. ಕೈಯೇ ಅಳತೆಗೋಲಾದರೆ, ಆಳಿನ ಬೆನ್ನಿಗೆ ವಿಷದ ಕ್ಯಾನು ಹೊರಿಸಿದ ಮಾಲೀಕನೂ ಶುದ್ಧನೇ ಆಗಬೇಕಲ್ಲ!

ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ದಾರಿ ತೋರಿಸಿದ್ದಾರೆ. ಅಹಿಂಸೆ ಕುರುಡು ನಿಯಮವಲ್ಲ, ತತ್ವ. ಕೊಲ್ಲುವ ಆಸೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ. ನಿಯಮ ವಿಧೇಯತೆ ಕೇಳುತ್ತದೆ, ತತ್ವ ವಿವೇಚನೆ ಕೇಳುತ್ತದೆ. ಹಾಗಾಗಿ ನಾವು ಕೇಳಬೇಕಾದದ್ದು: ಇದು ನಿಜವಾಗಿ ಅಗತ್ಯವೇ? ಇದಕ್ಕಿಂತ ಕಡಿಮೆ ಹಿಂಸೆಯ ದಾರಿ ಇದೆಯೇ? ನೋವು ಯಾರ ಪಾಲಿಗೆ ಬೀಳುತ್ತದೆ?

ವಿಷ ಸೋಲುವುದು ಇಲ್ಲೇ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುರಿ ಸೊಳ್ಳೆಯಂಥ ಒಂದು ತಿಗಣೆ, ಪೆಟ್ಟು ತಿಂದದ್ದು ಊರಿನ ಮಕ್ಕಳು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸುವ ತನಕ ಕಾಫಿ ತೋಟಗಳಲ್ಲೂ ಕೊರಕಕ್ಕೆ ಅದನ್ನು ಹೊಡೆಯುತ್ತಿದ್ದರು. ಕಣಜ ಹುಡುಕುವುದು ಕೊರಕವನ್ನು. ವಿಷಕ್ಕೆ ಜೇನು, ಮೀನು, ಮನುಷ್ಯ ಎಂಬ ಭೇದವಿಲ್ಲ.

ಎಲ್ಲಕ್ಕಿಂತ ಒಳ್ಳೆಯ ದಾರಿ ಹಳೆಯದು: ಹೊತ್ತಿಗೆ ಸರಿಯಾಗಿ ಕೊಯ್ಯುವುದು, ಗಿಡದಲ್ಲಿ ಉಳಿದ ಮತ್ತು ನೆಲಕ್ಕೆ ಉದುರಿದ ಹಣ್ಣನ್ನು ಪೂರ್ತಿ ಹೆಕ್ಕುವುದು. ಆಗ ಮುಂದಿನ ಹುಳುವಿಗೆ ಮನೆಯೇ ಇರುವುದಿಲ್ಲ, ಕೊಲ್ಲಬೇಕಾದ ಜೀವಗಳೂ ಕಡಿಮೆಯಾಗುತ್ತವೆ. ಹುಟ್ಟದ ಕೇಡನ್ನು ಹುಟ್ಟದಂತೆ ತಡೆಯುವುದೇ ಸಮ್ಯಕ್ ವ್ಯಾಯಾಮ.

ಆದರೆ ಬಗ್ಗಿ ಹೆಕ್ಕುವವರು ಯಾರು? ಲೈನ್ ಮನೆಯ ನಮ್ಮ ತಾಯಂದಿರು. ಹುಳುವಿಗೆ ಕರುಣೆ ತೋರಿ, ಹೆಕ್ಕುವವಳ ಕೂಲಿ ಕತ್ತರಿಸಿದರೆ ಅದು ಮೈತ್ರಿಯಲ್ಲ. ವಿಷವಿಲ್ಲದ ಕಾಫಿಗೆ ಸಿಗುವ ಹೆಚ್ಚಿನ ಬೆಲೆಯಲ್ಲಿ ಅವಳಿಗೂ ಪಾಲು ಬೇಕು. ಸಿಂಪಡಿಸಲೇಬೇಕಾದ ದಿನ ಮಾಸ್ಕು, ಕೈಗವಸು, ತೊಳೆಯಲು ಸೋಪು-ನೀರು ಕೇಳಿ ಪಡೆಯೋಣ. ಹಾಗೆ ಕೇಳುವುದೂ ಮೊದಲ ಶೀಲದ ಪಾಲನೆಯೇ.

ಭವತು ಸಬ್ಬ ಮಂಗಲಂ. ಜೈ ಭೀಮ್.