ಕೇಳದವರ ಹಕ್ಕು

ಯಾವುದೇ ಕಾಲೇಜಿನ ಹಳೆ ವಿದ್ಯಾರ್ಥಿಗಳು ಒಂದೆಡೆ ಸೇರಿದರೆ ಎರಡು ಮಾತು ತಪ್ಪದೆ ಬರುತ್ತವೆ. ಒಂದು, ಮೆಸ್ಸಿನ ಊಟದ ನೆನಪು. ಇನ್ನೊಂದು, 'ಕಾಲೇಜಿನ ಋಣ ತೀರಿಸಬೇಕು' ಎಂಬುದು. ಆ ಋಣ ಯಾರಿಗೆ ಸಲ್ಲಬೇಕು ಎಂದು ಮಾತ್ರ ಯಾರೂ ಅಷ್ಟಾಗಿ ಕೇಳುವುದಿಲ್ಲ. ಕಟ್ಟಡಕ್ಕೋ? ಈಗ ಅಲ್ಲಿ ಓದುತ್ತಿರುವ ಬಡ ಹುಡುಗನಿಗೋ? ಅಥವಾ ನಾವು ಕೂತ ಬೆಂಚಿನವರೆಗೆ ಬರಲಾಗದೇ ಹೋದವನಿಗೋ?

ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯನ್ನು ನೋಡಿ. 1986ರ ಕರ್ನಾಟಕದ ಕಾಯ್ದೆಯಿಂದ ಹುಟ್ಟಿ, ಮಾಧವ ಮೆನನ್ ಅವರ ಕೈಯಲ್ಲಿ ಬೆಳೆದ ಸಂಸ್ಥೆ ಅದು. ಅಲ್ಲಿ ಓದಿದವರು ಇಂದು ದೊಡ್ಡ ದೊಡ್ಡ ಲಾ ಫರ್ಮ್‌ಗಳಲ್ಲಿದ್ದಾರೆ, ಸುಪ್ರೀಂ ಕೋರ್ಟಿನಲ್ಲಿ ವಾದಿಸುತ್ತಿದ್ದಾರೆ. ಒಳಗಿರುವ ವಿದ್ಯಾರ್ಥಿಗೆ ಅವರು ನೆರವಾದರೆ ಸಂತೋಷವೇ. ಆದರೆ ಒಳಗೆ ಹೋಗುವ ಬಾಗಿಲು ಎಷ್ಟು ಕಿರಿದು! ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಎರಡು ಗಂಟೆಯಲ್ಲಿ 120 ಪ್ರಶ್ನೆ. 2025ರ ಪ್ರವೇಶಕ್ಕೆ ಸಾಮಾನ್ಯ ವರ್ಗದ ಅರ್ಜಿ ಶುಲ್ಕವೇ 4000 ರೂಪಾಯಿ. ಕೋಚಿಂಗಿನ ಖರ್ಚು ಬೇರೆ. ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಇಲ್ಲಿ ಸೋಲುವುದಿಲ್ಲ; ಸೋಲಲಿಕ್ಕಾದರೂ ಪರೀಕ್ಷೆಗೆ ಕೂರಬೇಕಲ್ಲ.

ಸಜ್ಜನರ ಸಂಪತ್ತಿನಲ್ಲಿ ಇಬ್ಬರಿಗೆ ಹಕ್ಕಿದೆ ಎನ್ನುತ್ತದೆ ಕುರ್‌ಆನ್. ಒಬ್ಬ ಸಾಯಿಲ್, ಇನ್ನೊಬ್ಬ ಮಹ್ರೂಮ್. ಉರ್ದು ಬಲ್ಲ ನಮಗೆ ಎರಡೂ ಮನೆಯ ಮಾತುಗಳೇ. ಸಾಯಿಲ್ ಎಂದರೆ ಕೇಳುವವನು. ಮಹ್ರೂಮ್ ಎಂದರೆ ವಂಚಿತ. ಸಂಕೋಚದಿಂದಲೋ, ಕೇಳಬಹುದೆಂದು ಗೊತ್ತೇ ಇಲ್ಲದ್ದರಿಂದಲೋ ಕೈ ಚಾಚದವನೂ ಅವನೇ. ಇಬ್ಬರಿಗೂ ಸಿಗುವುದು ಭಿಕ್ಷೆಯಲ್ಲ, ಹಕ್ಕು. ವಿದ್ಯಾರ್ಥಿವೇತನದ ಅರ್ಜಿ ತುಂಬುವವನು ಸಾಯಿಲ್. ಅವನ ಹಕ್ಕನ್ನು ಸಂಘಗಳು ಹೇಗೋ ಸಲ್ಲಿಸುತ್ತವೆ, ಕೆಲವೊಮ್ಮೆ ವೇದಿಕೆಗೆ ಕರೆದು ಫೋಟೋ ತೆಗೆಸಿ. ಮಹ್ರೂಮನನ್ನು ನಾವೇ ಹುಡುಕಿಕೊಂಡು ಹೋಗಬೇಕು.

ಹಾಗೆ ಹೋದವರೊಬ್ಬರು ಇದೇ ಶಾಲೆಯ ಹಳೆ ವಿದ್ಯಾರ್ಥಿ, ಕೇರಳದ ಶಂನಾದ್ ಬಶೀರ್. ಆಕ್ಸ್‌ಫರ್ಡಿನಲ್ಲೂ ಓದಿ, ಕೋಲ್ಕತಾದ ಕಾನೂನು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ, 2010ರಲ್ಲಿ ಅವರು 'ಐಡಿಯಾ' ಎಂಬ ಸಂಸ್ಥೆ ಕಟ್ಟಿದರು. ಕಾನೂನು ಕಾಲೇಜುಗಳ ವಿದ್ಯಾರ್ಥಿಗಳೇ ಅದರ ಸ್ವಯಂಸೇವಕರು. ಅವರು ಹಳ್ಳಿಯ, ಸಣ್ಣ ಊರಿನ ಶಾಲೆಗಳಿಗೆ ಹೋಗಿ, ಕಾನೂನು ಓದುವುದೆಂದರೆ ಏನೆಂದು ಹೇಳುತ್ತಾರೆ. ಬಡ ಮಕ್ಕಳನ್ನು, ದೃಷ್ಟಿಯಿಲ್ಲದ ಮಕ್ಕಳನ್ನು ಆರಿಸಿ ಪರೀಕ್ಷೆಗೆ ತಯಾರು ಮಾಡುತ್ತಾರೆ. ಸೀಟು ಸಿಕ್ಕಿತೆಂದು ಕೈಬಿಡುವುದಿಲ್ಲ. ಫೀಸಿಗೆ ದಾನಿಗಳನ್ನು ಹುಡುಕಿ, ಐದು ವರ್ಷದ ಓದಿನುದ್ದಕ್ಕೂ ಜೊತೆಗಿರುತ್ತಾರೆ. ನಮಗೆ ಮುಖ್ಯವೆನಿಸುವುದು ಈ ಕೊನೆಯ ಮಾತೇ. ಏಕೆಂದರೆ ಕೂಲಿಕಾರನ ಮಗಳಿಗೆ ಫೀಸು ಒಂದೇ ಗೋಡೆಯಲ್ಲ. ಸಹಪಾಠಿಗಳ ಇಂಗ್ಲಿಷು ಒಂದು ಗೋಡೆ, ದೆಹಲಿಯ ಇಂಟರ್ನ್‌ಶಿಪ್ಪಿಗೆ ಬೇಕಾದ ಬಾಡಿಗೆ ಕೋಣೆ ಇನ್ನೊಂದು. ಯಾವ ವಕೀಲರ ಕಚೇರಿಯ ಬಾಗಿಲು ತಟ್ಟಬೇಕೆಂದು ಹೇಳುವ ಚಿಕ್ಕಪ್ಪನೂ ಅವಳಿಗಿಲ್ಲ.

ಇಲ್ಲಿ ಹಳೆ ವಿದ್ಯಾರ್ಥಿಯ ಹಣಕ್ಕಿಂತ ಅವನ ಪರಿಚಯ ದೊಡ್ಡ ಆಸ್ತಿ. ಪರಿಚಯ ಎಂದೊಡನೆ ನಮಗೆ ಕಸಿವಿಸಿ. ಅದು ಶಿಫಾರಸು ಅಲ್ಲವೇ? ಶಿಫಾರಸಿನಿಂದ ಈ ದೇಶ ಹಾಳಾದದ್ದು ಸಾಲದೇ? ಸಂದೇಹ ನ್ಯಾಯವಾದದ್ದೇ. ಆದರೆ ಸೂರಃ ನಿಸಾ ಒಳ್ಳೆಯ ಶಿಫಾರಸು, ಕೆಟ್ಟ ಶಿಫಾರಸು ಎಂದು ಎರಡನ್ನು ಬೇರ್ಪಡಿಸಿ, ಮಾಡಿದವನಿಗೆ ಎರಡರಲ್ಲೂ ಪಾಲಿದೆ ಎನ್ನುತ್ತದೆ. ತನ್ನ ಗೆಳೆಯನ ಮಗನನ್ನು ಸಾಲು ತಪ್ಪಿಸಿ ಮುಂದೆ ನಿಲ್ಲಿಸುವುದು ಒಂದು. ಸಾಲು ಎಲ್ಲಿದೆಯೆಂದೇ ತಿಳಿಯದವಳನ್ನು ಕರೆತಂದು ಸಾಲಿನಲ್ಲಿ ನಿಲ್ಲಿಸುವುದು ಇನ್ನೊಂದು. ಹಳೆ ವಿದ್ಯಾರ್ಥಿಗಳ ಬಳಗವೊಂದು ಮೊದಲನೆಯದನ್ನಷ್ಟೇ ಮಾಡಿದರೆ ಅದಕ್ಕೂ ಜಾತಿ ಸಂಘಕ್ಕೂ ಏನು ವ್ಯತ್ಯಾಸವೋ ನಮಗೆ ತಿಳಿಯದು.

ಶಂನಾದ್ 2019ರ ಆಗಸ್ಟ್‌ನಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ತೀರಿಕೊಂಡರು. ಆಗ ಅವರಿಗೆ 43 ವರ್ಷ. ಸಂಸ್ಥೆ ಅವರ ನಂತರವೂ ನಡೆದಿದೆ.

ರಂಜಾನ್ ಬಂದರೆ ನಮ್ಮ ಮಸೀದಿಗಳ ಬಾಗಿಲಲ್ಲಿ ರಸೀದಿ ಪುಸ್ತಕ ಹಿಡಿದವರು ಸಾಲಾಗಿ ನಿಲ್ಲುತ್ತಾರೆ. ಕೇಳಿದವರಿಗೆ ಕೊಟ್ಟು ಹಗುರಾಗುತ್ತೇವೆ. ಪಿಯುಸಿ ಓದುತ್ತಿರುವ, ಮಾತಿಗೆ ಮಾತು ಜೋಡಿಸಿ ವಾದಿಸಬಲ್ಲ ಆ ಹುಡುಗಿ ಅಲ್ಲೆಲ್ಲೂ ಇರುವುದಿಲ್ಲ. ಅವಳ ಮನೆಗೆ ವಕೀಲರೆಂದರೆ ಇಂದಿಗೂ ಜಾಗದ ತಕರಾರಿಗೆ ತಾರೀಖು ಮತ್ತು ಫೀಸು ಹೇಳುವವರು, ಅಷ್ಟೇ.