ತೂಕ ಒಂದೇ, ಗಾಳಿ ಬೇರೆ

ಗುಬ್ಬಿ ಬಳಿಯ ನಮ್ಮ ಕಣದಲ್ಲಿ ರಾಗಿ ತೂರುವ ದಿನ ಅಜ್ಜಿ ಗಾಳಿಗಾಗಿ ಕಾದು ನಿಲ್ಲುತ್ತಿದ್ದಳು. ಮೊರ ಎತ್ತಿ ಸುರಿದರೆ ಕಾಳು ಕಾಲಬುಡಕ್ಕೆ, ಹೊಟ್ಟು ಆಚೆಗೆ. ತುಮಕೂರಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ನನಗೆ, ಮಾದಕವಸ್ತುಗಳ ಮಿಶ್ರಣ ಪತ್ತೆಹಚ್ಚುವ ಹೊಸ ವಿಧಾನ ಓದಿದಾಗ ಆ ಕಣವೇ ಕಣ್ಣಿಗೆ ಕಟ್ಟಿತು.

ಮಾಸ್ ಸ್ಪೆಕ್ಟ್ರೋಮೀಟರ್ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಅಣುಗಳನ್ನು, ತೂಗುವ ತಕ್ಕಡಿ. ಮೆಥಾಂಫೆಟಮೀನ್ ಭಾರೀ ಚಟ ಹಿಡಿಸುವ ವಸ್ತು. ಫೆಂಟರ್ಮಿನ್ ಹಲವು ದೇಶಗಳಲ್ಲಿ ಬೊಜ್ಜು ಇಳಿಸಲು ವೈದ್ಯರು ಬರೆದುಕೊಡುವ ಔಷಧ. ಎರಡರಲ್ಲೂ 10 ಇಂಗಾಲ, 15 ಹೈಡ್ರೋಜನ್, 1 ಸಾರಜನಕ, ಅಣುಭಾರ 149. ತೂಕವೊಂದನ್ನೇ ನೋಡಿದರೆ ಎರಡೂ ಒಂದೇ.

ಆದ್ದರಿಂದ ತೂಗುವ ಮೊದಲು ತೂರುತ್ತಾರೆ. ಸಾರಜನಕದಂಥ ಅನಿಲ ತುಂಬಿದ ಕೊಳವೆಯಲ್ಲಿ ವಿದ್ಯುತ್ ಕ್ಷೇತ್ರ ಅಯಾನುಗಳನ್ನು ಎಳೆಯುತ್ತದೆ. ಮೈ ಮುದುಡಿದ ಅಯಾನು ಅನಿಲಕ್ಕೆ ಕಡಿಮೆ ತಾಗಿ ಬೇಗ ದಾಟುತ್ತದೆ. ಮೈ ಚಾಚಿದ್ದು ತಾಗಿ ತಾಗಿ ತಡವಾಗುತ್ತದೆ. ಆಕಾರ ಸಾಕಷ್ಟು ಬೇರೆಯಿದ್ದರೆ, ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ತಡವೂ ಗುರುತು ಹೇಳುತ್ತದೆ.

ತರಗತಿಗೆ ತಡವಾಗಿ ಬಂದವರನ್ನು ನಾನು ಹೇಗೆ ಓದಿದೆ? ಕುಣಿಗಲ್ ಕಡೆಯಿಂದ ಬಸ್ಸಿನಲ್ಲಿ ತಡವಾಗಿ ಬರುತ್ತಿದ್ದ ಒಬ್ಬ ಹುಡುಗನನ್ನು ಅಂಕ ನೋಡಿ ದಡ್ಡ ಅಂದಿದ್ದೆ. ಅವನು ದಿನಾ ನಸುಕಿನಲ್ಲೆದ್ದು ಹಾಲು ಕರೆದು ಡೈರಿಗೆ ಹಾಕಿ ಬರುತ್ತಿದ್ದ ಸಂಗತಿ ನನಗೆ ತಿಳಿದದ್ದು ವರ್ಷದ ಕೊನೆಗೆ. ದಡ್ಡ ಅಂದ ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಒಂದು ದಿಕ್ಕಿನಿಂದ ಕಂಡ ಸತ್ಯಕ್ಕೆ ಜೈನ ದರ್ಶನದಲ್ಲಿ 'ನಯ' ಎಂದು ಹೆಸರು. ಅದನ್ನೇ ಹಿಡಿದು ಉಳಿದುದನ್ನು ಅಲ್ಲಗಳೆದರೆ 'ದುರ್ನಯ'. ಅಂಕವೂ ತೂಕವೂ ನಯಗಳೇ. ಅಷ್ಟೇ ಸಾಕು ಎಂದದ್ದು ನನ್ನ ದುರ್ನಯ.

ಹಾಗೆಂದು ಹೆಸರಿಡದೆ ಇರಲಾಗದು. ಪ್ರಯೋಗಾಲಯದ ವರದಿಯ ಮೇಲೆ ಒಬ್ಬರ ಬಿಡುಗಡೆ ನಿಂತಿರಬಹುದು. ಆದರೆ ತೂಕ, ಗಾಳಿ ಎರಡಕ್ಕೂ ಸಿಗದಿರುವುದೂ ಇದೆ. ಮೆಥಾಂಫೆಟಮೀನಿನ ಕನ್ನಡಿ ಬಿಂಬದಂಥ ಅಣು ಅಮೆರಿಕದಲ್ಲಿ ಕಟ್ಟಿದ ಮೂಗಿಗೆ ಸೇದುವ ಔಷಧ. ಸಾಮಾನ್ಯ ಅನಿಲದಲ್ಲಿ ಇವೆರಡೂ ಜೊತೆಯಾಗಿಯೇ ದಾಟುತ್ತವೆ. ಅಲ್ಲಿ ಮೂರನೆಯ ಪರೀಕ್ಷೆ ಬೇಕು. ಯಾವ ಪರೀಕ್ಷೆಯಿಂದ ಹೇಳುತ್ತಿದ್ದೇವೆ ಎಂಬುದನ್ನು ಹೆಸರಿನ ಜೊತೆಗೇ ಹೇಳುವುದು ಧರ್ಮ.

ತುಮಕೂರಿನ ಮಂದರಗಿರಿಯ ಬುಡದಲ್ಲಿ, ಜೈನ ಮುನಿಗಳ ನವಿಲುಗರಿಯ ಪಿಂಛಿಯ ಆಕಾರದ ಗುರುಮಂದಿರವಿದೆ. ಮುನಿಗಳು ಕೂರುವ ಮುನ್ನ ಆ ನವಿಲುಗರಿಯಿಂದ ನೆಲ ಸವರುತ್ತಾರೆ, ಕಣ್ಣಿಗೆ ಬೀಳದ ಜೀವ ಅಲ್ಲಿರಬಹುದೆಂದು. ಯಾರಿಗಾದರೂ ಹೆಸರಿಡುವ ಮುನ್ನ ನಾನೂ ಈಗ ಅಷ್ಟು ಹೊತ್ತು ಕಾಯುತ್ತೇನೆ.