ಸೊಸೈಟಿ ಅಕ್ಕಿ, ಮನೆ ಹಿಟ್ಟು

ತಿಂಗಳಿಗೊಮ್ಮೆ, ಸೊಸೈಟಿಯಲ್ಲಿ ಪಡಿತರ ಕೊಟ್ಟ ಎರಡು ದಿನಕ್ಕೆ, ನಮ್ಮ ಬೀದಿಗೆ ಒಂದು ಬೈಕು ಬರುತ್ತದೆ. ಹಿಂದಿನ ಸೀಟಿನ ಮೇಲೆ ಮಡಚಿಟ್ಟ ಖಾಲಿ ಚೀಲಗಳು, ಹ್ಯಾಂಡಲಿನಲ್ಲಿ ನೇತಾಡುವ ತಕ್ಕಡಿ. ಸವಾರ ಕೂಗುವುದಿಲ್ಲ, ಎರಡು ಸಲ ಹಾರನ್ ಹೊಡೆಯುತ್ತಾನೆ, ಅಷ್ಟೆ. ಮಳವಳ್ಳಿ ಕಡೆಯ ಹಳ್ಳಿಯವರಿಗೆ ಆ ಹಾರನ್ನಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸೊಸೈಟಿ ಅಕ್ಕಿ ಕೊಡುವವರಿದ್ದರೆ ಈಚೆ ಬನ್ನಿ ಎಂದು.

ಪಕ್ಕದ ಮನೆಯ ದೊಡ್ಡವ್ವ ಹತ್ತು ಕಿಲೋ ತೂಗಿಸಿ ನೂರೈವತ್ತು ರೂಪಾಯಿ ಎಣಿಸಿಕೊಂಡದ್ದನ್ನು ನೋಡಿ ನಾನು ಸುಮ್ಮನಿರಲಾರದೆ ಕೇಳಿದೆ: "ಅಲ್ಲ ದೊಡ್ಡವ್ವ, ಸರ್ಕಾರ ಕೊಟ್ಟಿದ್ದನ್ನ ಮಾರ್ಕೊಂಡ್ರೆ ಕಾರ್ಡೇ ಕಿತ್ಕೊತಾರಂತಲ್ಲ?"

"ಕಿತ್ಕೊಳ್ಲಿ ಬುಡು" ಎಂದಳು. "ಎರಡೊತ್ತೂ ಅನ್ನ ಉಂಡ್ರೆ ಹೊಲದಲ್ಲಿ ಮದ್ದಾನಕ್ಕೇ ಕೈಕಾಲು ಬಿದ್ದೋಯ್ತವೆ ಕಣಪ್ಪ. ಹಿಟ್ಟಿಗೇನ್ ಕೊಟ್ಟವ್ರೆ ಅವ್ರು?"

ಹಿಟ್ಟು ಎಂದರೆ ಈ ಕಡೆ ಮುದ್ದೆ. ಹಿಟ್ಟು, ಉಪ್ಸಾರು, ಬಸ್ಸಾರು ಇಷ್ಟಾದರೆ ಊಟ ಮುಗಿಯಿತು. ಅನ್ನ ಕೊನೆಯಲ್ಲಿ ಒಂದು ಸಟ್ಟುಗ. ಗಂಡ ಹೆಂಡತಿ ಇಬ್ಬರೇ ಇರುವ ಆ ಮನೆಗೆ ತಿಂಗಳಿಗೆ ಇಪ್ಪತ್ತು ಕಿಲೋ ಅಕ್ಕಿ ಬರುತ್ತಿತ್ತು. ಅರ್ಧ ಅವರಿಗೆ ಸಾಕಿತ್ತು. ಮಿಕ್ಕರ್ಧ ಎಣ್ಣೆಯಾಗಬೇಕಿತ್ತು, ಬೇಳೆಯಾಗಬೇಕಿತ್ತು, ರಾಗಿಯಾಗಬೇಕಿತ್ತು. ಅದನ್ನು ಮಾಡಿಕೊಡುತ್ತಿದ್ದದ್ದು ಬೈಕಿನವನೊಬ್ಬನೇ.

ಕಾನೂನಿನ ಕಣ್ಣಿಗೆ ಇದು ಅಪರಾಧ. ಪಡಿತರ ಧಾನ್ಯ ಅಗತ್ಯ ವಸ್ತು, ಅದನ್ನು ಕೊಳ್ಳುವುದೂ ಮಾರುವುದೂ 1955ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮಾರಿಕೊಂಡವರ ಕಾರ್ಡು ರದ್ದು ಮಾಡುತ್ತೇವೆ ಎಂದು ಇಲಾಖೆ ಆಗಾಗ ಎಚ್ಚರಿಸುತ್ತಲೇ ಇರುತ್ತದೆ. ಪೇಟೆಯ ಜನಕ್ಕೂ ಇದು ಒಳ್ಳೆ ಹರಟೆಯ ವಿಷಯ: ಪುಕ್ಕಟೆ ಕೊಟ್ಟರೆ ಹೀಗೇ, ಮಾರಿ ಕುಡಿಯುತ್ತಾರೆ. ಹಾಗೆ ಮಾತಾಡುವವರು ಬೆಳಗ್ಗೆ ಹೋಟೆಲಿನಲ್ಲಿ ಮುರಿದುಕೊಂಡ ಇಡ್ಲಿಯ ಅಕ್ಕಿ ಎಲ್ಲಿಂದ ಬಂತು ಎಂದು ವಿಚಾರಿಸಿದ್ದನ್ನು ನಾನಂತೂ ಕಂಡಿಲ್ಲ. ದಪ್ಪಕ್ಕಿ ದೋಸೆ ಇಡ್ಲಿಗೆ ಬಲು ಚೆನ್ನ.

ಈ ಮನೆಗಳಲ್ಲಿ ಕುಡಿಯುವವರೇ ಇಲ್ಲ ಎಂದು ನಾನು ಹೇಳುವುದಿಲ್ಲ. ಇದ್ದಾರೆ. ಅಕ್ಕಿ ಬರುವ ಮೊದಲೂ ಇದ್ದರು.

ನಡುವೆ ಒಂದೂವರೆ ವರ್ಷ ಬೇರೆಯದೇ ಪ್ರಯೋಗ ನಡೆಯಿತು. 2013ರಲ್ಲಿ ಶುರುವಾದ ಅನ್ನಭಾಗ್ಯವನ್ನು 2023ರಲ್ಲಿ ತಲೆಗೆ ಹತ್ತು ಕಿಲೋಗೆ ಏರಿಸುವುದಾಗಿ ಹೇಳಿದ ಸರ್ಕಾರಕ್ಕೆ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗಲಿಲ್ಲ. ಭಾರತ ಆಹಾರ ನಿಗಮ ಕೊಡಲು ಒಪ್ಪಲಿಲ್ಲ. ಆಗ ಕಿಲೋಗೆ 34 ರೂಪಾಯಿ ಲೆಕ್ಕ ಹಾಕಿ, ತಲೆಗೆ 170 ರೂಪಾಯಿಯನ್ನು ಮನೆಯೊಡತಿಯ ಖಾತೆಗೇ ಹಾಕತೊಡಗಿದರು. ಜುಲೈ ತಿಂಗಳು ಅದು. ಮುಂದೆ ಬಂದದ್ದು ಎಂಥ ವರ್ಷ ಎಂಬುದು ನಮ್ಮ ರೈತರಿಗೆ ನೆನಪಿದೆ: ರಾಜ್ಯದ 223 ತಾಲ್ಲೂಕುಗಳಲ್ಲಿ ಬರ, ಕಾವೇರಿ ನೀರಿಗಾಗಿ ಮಂಡ್ಯ ಬಂದ್. ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನಲ್ಲಿರುವ ಮಳವಳ್ಳಿಗೆ ಒಳ್ಳೆಯ ವರ್ಷದಲ್ಲೇ ನೀರು ತಡವಾಗಿ ಬರುತ್ತದೆ. ಆ ವರ್ಷದ ಪಾಡು ಹೇಳುವುದೇ ಬೇಡ.

ಆ 170ರಲ್ಲಿ ಏನು ಕೊಳ್ಳಬಹುದು, ಏನು ಕೊಳ್ಳಬಾರದು ಎಂಬ ಪಟ್ಟಿ ಇರಲಿಲ್ಲ. ದೊಡ್ಡವ್ವ ಹುರುಳಿಕಾಳು ತಂದದ್ದುಂಟು, ಮೊಮ್ಮಗನ ನೋಟ್‌ಬುಕ್ಕಿಗೆ ಕೊಟ್ಟದ್ದುಂಟು, ಒಂದು ತಿಂಗಳು ಮಂಡಿನೋವಿನ ಮಾತ್ರೆಗೆ ಹೋದದ್ದೂ ಉಂಟು. ಮಾತ್ರೆ ಆಹಾರವಲ್ಲ, ನಿಜ. ಮಂಡಿ ಹಿಡಿದುಕೊಂಡರೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಆಹಾರವೂ ಇಲ್ಲ. ಇದೂ ನಿಜ. ಆ ದಿನಗಳಲ್ಲಿ ಬೈಕು ನಮ್ಮ ಬೀದಿಗೆ ಅಪರೂಪವಾಗಿತ್ತು. 2025ರ ಫೆಬ್ರುವರಿಯಿಂದ ಹಣ ನಿಂತು ಮತ್ತೆ ಅಕ್ಕಿಯೇ ಬರತೊಡಗಿದಾಗ ಬೈಕೂ ಮರಳಿತು.

ಅಮೆರಿಕದಲ್ಲಿರುವ ನನ್ನ ಸೋದರಳಿಯನಿಗೆ ಇದನ್ನು ಹೇಳಿದಾಗ ಅವನು ಅಲ್ಲಿಯ ಕತೆ ಹೇಳಿದ. ಅಲ್ಲಿ ಧಾನ್ಯ ಕೊಡುವುದಿಲ್ಲ, ಸ್ನ್ಯಾಪ್ ಎಂಬ ಯೋಜನೆಯಲ್ಲಿ ಕಾರ್ಡಿಗೆ ಹಣ ತುಂಬುತ್ತಾರೆ. ಹಿಂದೆ ಫುಡ್ ಸ್ಟ್ಯಾಂಪ್ ಎನ್ನುತ್ತಿದ್ದರಲ್ಲ, ಅದೇ. ಹಣ ಕೊಟ್ಟರೂ ಪಟ್ಟಿ ಬಿಟ್ಟಿಲ್ಲ. ಬಿಯರ್, ಸಿಗರೇಟು ಕೂಡದು, ಸರಿ. ಸೋಪು, ಔಷಧಿ, ವಿಟಮಿನ್ ಮಾತ್ರೆಯೂ ಕೂಡದು. ಬಿಸಿ ಊಟ ಕೊಳ್ಳುವಂತಿಲ್ಲ: ಬೇಯಿಸಿದ ಕೋಳಿ ಬಿಸಿಯಾಗಿದ್ದರೆ ಕಾರ್ಡು ನಡೆಯುವುದಿಲ್ಲ, ಅದೇ ಕೋಳಿ ತಣ್ಣಗೆ ಫ್ರಿಜ್ಜಿನಲ್ಲಿದ್ದರೆ ನಡೆಯುತ್ತದೆ. ಈಗ ಕೆಲವು ರಾಜ್ಯಗಳು ಸೋಡಾ, ಮಿಠಾಯಿಗಳನ್ನೂ ಹೊರಗಿಡಲು ಅನುಮತಿ ಪಡೆದಿವೆ. 2025ರ ಮೇ ತಿಂಗಳಲ್ಲಿ ಮೊದಲು ಪಡೆದದ್ದು ನೆಬ್ರಾಸ್ಕ. ನಮ್ಮಲ್ಲಿ ಇಂದಿರಾ ಕ್ಯಾಂಟೀನಿನಲ್ಲಿ ಸರ್ಕಾರವೇ ನಿಂತು ಹತ್ತು ರೂಪಾಯಿಗೆ ಬಿಸಿ ಊಟ ಬಡಿಸುತ್ತದೆ. ಈ ಮಟ್ಟಿಗೆ ನಾವೇ ವಾಸಿ.

ಆದರೆ ಆ ಪಟ್ಟಿಯ ಒಂದು ಸಾಲು ನನ್ನ ಮನಸ್ಸಿನಿಂದ ಹೋಗಿಲ್ಲ. ಆ ಕಾರ್ಡಿನಲ್ಲಿ ಬೀಜ ಕೊಳ್ಳಬಹುದು. ತಿನ್ನುವ ಬೆಳೆಯ ಬೀಜ, ಸಸಿ ಯಾವುದಾದರೂ ಸರಿ. ಯಾರೋ ಹಿತ್ತಿಲು ಕಂಡವರು ಬರೆಸಿದ ಸಾಲು ಅದು.

ನಮ್ಮ ಕಡೆ ಹಿತ್ತಿಲಿಗೂ ಬೀಜಕ್ಕೂ ಬರವಿಲ್ಲ. ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದ 'ರಾಗಿ ಬ್ರಹ್ಮ' ಲಕ್ಷ್ಮಣಯ್ಯನವರು ದುಡಿದದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ನಮ್ಮದೇ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ವರ್ಷವರ್ಷವೂ ಬಿತ್ತಿ ಉಳಿಸಿಕೊಂಡಿದ್ದಾರೆ. ಕೆಂಪಕ್ಕಿ, ಕಪ್ಪಕ್ಕಿ, ಘಮಘಮಿಸುವ ಸಣ್ಣಕ್ಕಿ ಎಲ್ಲ ಅಲ್ಲಿವೆ. ಅಲ್ಲಿಂದ ಸ್ವಲ್ಪ ದೂರ ಹೋಗಿ ಸೊಸೈಟಿಯ ಮುಂದೆ ನಿಂತರೆ ಎಲ್ಲರಿಗೂ ಒಂದೇ ಬಿಳಿ ಅಕ್ಕಿ. ಅದರಲ್ಲಿ ಕಬ್ಬಿಣ, ಬಿ12 ಸೇರಿಸಿದ ಕಾಳು ನೂರಕ್ಕೊಂದರಂತೆ ಬೆರೆತಿರುತ್ತದೆ. ನೀರಿಗೆ ಹಾಕಿದರೆ ತೇಲುತ್ತದೆಂದು ಹೆಂಗಸರು ಅದನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಬಿಸಾಡುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ, ಬಿಸಾಡಬೇಡಿ. ಆದರೆ ರಾಗಿಯಲ್ಲಿ ತಾನಾಗಿಯೇ ಇರುವ ಕಬ್ಬಿಣ, ಸುಣ್ಣವನ್ನು ಬಿಟ್ಟು, ಅಕ್ಕಿಗೆ ಹೊರಗಿನಿಂದ ಬೆರೆಸುವ ಈ ಜಾಣತನ ನನಗೆ ಇನ್ನೂ ಅರಗಿಲ್ಲ.

ರಾಗಿ ಬಡವರ ಧಾನ್ಯ ಎಂಬ ಮಾತು ಹಳತಾಯಿತು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4886 ರೂಪಾಯಿ. ಎಂದರೆ ಕಿಲೋಗೆ ಹತ್ತಿರ ಹತ್ತಿರ 49. ಕೇಂದ್ರ ರಾಜ್ಯಕ್ಕೆ ಅಕ್ಕಿ ಮಾರಿದ್ದು ಕಿಲೋಗೆ 22 ರೂಪಾಯಿ 50 ಪೈಸೆಗೆ. ದೊಡ್ಡವ್ವ ಬೈಕಿನವನಿಗೆ ಕೊಟ್ಟದ್ದು ಹದಿನೈದಕ್ಕೆ. ಆ ನೂರೈವತ್ತರಲ್ಲಿ ಮೂರು ಕಿಲೋ ರಾಗಿ ಬರುತ್ತದೆ. ಅದೇ ಹತ್ತು ಕಿಲೋ ಅಕ್ಕಿಯನ್ನು ಸೊಸೈಟಿಯವರೇ ಸರ್ಕಾರದ ದರಕ್ಕೆ ಲೆಕ್ಕ ಹಿಡಿದು ರಾಗಿ ಕೊಟ್ಟಿದ್ದರೆ ನಾಲ್ಕೂವರೆ ಕಿಲೋ. ಸಾಗಣೆ, ಗೋದಾಮು ಎಂದು ಕಳೆದರೂ ನಾಲ್ಕಕ್ಕೆ ಮೋಸವಿಲ್ಲ. ಪಡಿತರದ ದುರುಪಯೋಗ ಎಂದು ಯಾವುದನ್ನಾದರೂ ಕರೆಯುವುದಾದರೆ, ಹಾರನ್ ಹೊಡೆಯುವವನ ಚೀಲಕ್ಕೆ ಹೋಗುವ ಆ ಒಂದು-ಒಂದೂವರೆ ಕಿಲೋವನ್ನು ಕರೆಯಬೇಕು.

2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಇಂದಿರಾ ಆಹಾರ ಕಿಟ್ ಕೊಡಲು ಒಪ್ಪಿತು: ತೊಗರಿ ಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು. ದೊಡ್ಡವ್ವ ಅಕ್ಕಿ ಮಾರಿ ತರುತ್ತಿದ್ದದ್ದು ಹೆಚ್ಚುಕಡಿಮೆ ಇದನ್ನೇ. ಯಾವುದನ್ನು ಅಪರಾಧವೆನ್ನುತ್ತಿದ್ದರೋ ಅದೇ ಯೋಜನೆಯಾಯಿತು ಎನ್ನಬಹುದು. ಸಂತೋಷ. ಆದರೂ ಪಟ್ಟಿಯಲ್ಲಿ ಹಿಟ್ಟಿಲ್ಲ. ಕಬ್ಬು ಬೆಳೆಯುವ ಊರಿಗೆ ಸಕ್ಕರೆ ಕಳಿಸುವಾಗ ರಾಗಿ ಉಣ್ಣುವ ಊರಿಗೆ ರಾಗಿ ಕಳಿಸುವುದು ಅಷ್ಟು ಕಷ್ಟವೇ? ಖರೀದಿ ಕೇಂದ್ರದಲ್ಲಿ ರಾಗಿ ಕೊಂಡ ಮೇಲೆ ದಕ್ಷಿಣದ ಜಿಲ್ಲೆಗಳಿಗೆ ಒಂದಷ್ಟು ತಿಂಗಳು ಎರಡು ಮೂರು ಕಿಲೋ ಕೊಟ್ಟದ್ದುಂಟು. ಅದನ್ನು ಕಾರ್ಡುದಾರರ ಆಯ್ಕೆಗೆ ಬಿಟ್ಟು, ವರ್ಷಪೂರ್ತಿ ಕೊಡಲಿ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರದಲ್ಲೇ ಅಕ್ಕಿಯೋ ರಾಗಿಯೋ ಎಂದು ಒಂದು ಮಾತು ಕೇಳಿಸಿದರೆ ಸಾಕು.

ಹಾಗೆ ರಾಗಿ ಬಂದ ತಿಂಗಳುಗಳಲ್ಲಿ ನಮ್ಮ ಬೀದಿಯ ಹೆಂಗಸರು ಅದನ್ನು ಕೇರಿ, ಬಿಸಿಲಿಗೆ ಹರವಿ, ಮಿಲ್ಲಿಗೆ ಹಾಕಿಸಿಕೊಂಡು ಬಂದರು. ಬೈಕಿನವನ ತಕ್ಕಡಿಗೆ ಒಂದು ಸೇರು ರಾಗಿಯೂ ಬೀಳಲಿಲ್ಲ.